ಇಲಿಯ ಓಟದ ಗಾಲಿ

ವ್ಯಾಯಾಮವು ಶರೀರಕ್ಕೆ ಹಿತಕರವೆಂಬುದನ್ನು ನಮ್ಮ ಗೃಹಸ್ಥರಿಗೆ ಹೊಸದಾಗಿ ತಿಳಿಸಬೇಕಾದ ಅವಶ್ಯಕತೆಯಿಲ್ಲ. ನಮ್ಮ ಹಳೆಯ ವೈದ್ಯಗ್ರಂಥಗಳು ಅದನ್ನು ಹೇಳಿವೆ. ಮನೆಯ ಹಿರಿಯರೂ ಹೇಳುತ್ತ ಬಂದಿದ್ದಾರೆ. ಆದರೆ ಈಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳು ಈ ಹಳೆಯ ಮಾತಿಗೆ ಹೊಸ ಸಾಕ್ಷ್ಯಗಳನ್ನು ತಂದು ಒದಗಿಸುತ್ತಿವೆ. ಓಡಿದರೆ ಮಿದುಳಿನಲ್ಲಿ ಹೊಸ ಜೀವಕೋಶಗಳು ಹುಟ್ಟುವುವೆಂದೂ, ರಕ್ತದಲ್ಲಿನ ಸಕ್ಕರೆ ಹತೋಟಿಗೆ ಬರುವುದೆಂದೂ ಬರುವ ವಾರ್ತೆಗಳನ್ನು ವಾಚಕರು ನೋಡಿಯೇ ಇರಬಹುದು. ಅಂತಹ ವಾರ್ತೆಯನ್ನು ತಾಳ್ಮೆಯಿಂದ ಕೊನೆಯವರೆಗೆ ಓದಿದವರಿಗೆ ಬಹಳ ಸಲ ಒಂದು ಸಂಗತಿ ಗೊತ್ತಾಗುವುದು: ಓಡಿದವನು ಮನುಷ್ಯನಲ್ಲ, ಇಲಿ, ಓಡಿದ ಸ್ಥಳವು ಬಯಲಲ್ಲ, ಪಂಜರದೊಳಗಿನ ಒಂದು ಗಾಲಿ.

ಸೇರು ಸರಿಯಾಗಿಲ್ಲದಿದ್ದರೆ ಅಳೆದ ಅಕ್ಕಿಯ ಲೆಕ್ಕವೂ ಸರಿಯಾಗಿರಲಾರದು. ಆದಕಾರಣ ಇಂತಹ ವಾರ್ತೆಗಳ ಬೆಲೆಯನ್ನು ತಿಳಿಯಬೇಕೆಂಬುವರು ಮೊದಲು ಆ ಗಾಲಿಯ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಅದು ಏನನ್ನು ಎಣಿಸುತ್ತದೆ, ಏನನ್ನು ಎಣಿಸಲಾರದು, ಎಣಿಸಿದ್ದನ್ನು ಯಾವುದರೊಡನೆ ಹೋಲಿಸುತ್ತಾರೆ ಎಂಬ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಕನ್ನಡದಲ್ಲಿ ನಾವು ಎಲ್ಲವನ್ನೂ ಇಲಿಯೆಂದೇ ಕರೆಯುವ ರೂಢಿಯುಂಟಷ್ಟೆ. ಪ್ರಯೋಗಶಾಲೆಗಳಲ್ಲಿ ಎರಡು ಜಾತಿಗಳು ಮುಖ್ಯವಾಗಿ ಬಳಕೆಯಲ್ಲಿರುವುದರಿಂದ, ದೊಡ್ಡದನ್ನು ಇಲಿಯೆಂದೂ ಹಿಡಿಯಷ್ಟಿರುವ ಚಿಕ್ಕದನ್ನು ಚಿಟ್ಟಿಲಿಯೆಂದೂ ಇಲ್ಲಿ ಕರೆಯುವೆವು.

ಗಾಲಿಯ ರಚನೆ ಬಹಳ ಸರಳವಾದುದು. ಸಣ್ಣ ಕಂಬಿಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಒಂದು ಪೊಳ್ಳು ಚಕ್ರವನ್ನು ಅಚ್ಚಿನ ಮೇಲೆ ಸುಲಭವಾಗಿ ತಿರುಗುವಂತೆ ಪಂಜರದಲ್ಲಿ ನಿಲ್ಲಿಸುತ್ತಾರೆ. ಪ್ರಾಣಿಯು ಅದರೊಳಗೆ ಹೊಕ್ಕು ಮುಂದಕ್ಕೆ ಓಡಿದರೆ, ಅದರ ಕಾಲ ಕೆಳಗಿನ ನೆಲವೇ ಹಿಂದಕ್ಕೆ ಸರಿಯುವುದು. ಎಷ್ಟು ಓಡಿದರೂ ಪ್ರಾಣಿಯು ಇದ್ದಲ್ಲಿಯೇ ಇರುವುದು. ಗಾಲಿಯ ಅಂಚಿನಲ್ಲಿ ಒಂದು ಚಿಕ್ಕ ಅಯಸ್ಕಾಂತವನ್ನೂ, ಅದು ಹಾದುಹೋಗುವ ಸ್ಥಳದಲ್ಲಿ ಒಂದು ವಿದ್ಯುತ್ ಕೀಲಿಯನ್ನೂ ಇಟ್ಟಿರುತ್ತಾರೆ. ಪ್ರತಿ ಸುತ್ತಿಗೂ ಕೀಲಿಯು ಒಮ್ಮೆ ಮುಚ್ಚಿ ತೆರೆಯುವುದರಿಂದ ಗಣಕಯಂತ್ರದಲ್ಲಿ ಒಂದು ಎಣಿಕೆ ಬೀಳುವುದು. ಉಳಿದುದು ಮಕ್ಕಳೂ ಮಾಡಬಹುದಾದ ಗುಣಾಕಾರ. ಗಾಲಿಯ ವ್ಯಾಸವು ೧೨ ಸೆಂಟಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು ೩೭.೭ ಸೆಂಟಿಮೀಟರ್. ಒಂದು ರಾತ್ರಿಯಲ್ಲಿ ೧೬,೦೦೦ ಸುತ್ತುಗಳು ಬಿದ್ದರೆ ಅದು ಸುಮಾರು ೬ ಕಿಲೋಮೀಟರ್ ಓಟವಾಯಿತು. ಇದು ಉತ್ಪ್ರೇಕ್ಷೆಯೆಂದು ಯಾರೂ ಭಾವಿಸಕೂಡದು. ಪ್ರಯೋಗಶಾಲೆಯ ಚಿಟ್ಟಿಲಿಯು ಒಂದು ರಾತ್ರಿಗೆ ೫ರಿಂದ ೧೦ ಕಿಲೋಮೀಟರ್ ಓಡುವುದು ತೀರ ಸಾಮಾನ್ಯ.

ಈ ಗಾಲಿಯು ಶಾಸ್ತ್ರದ ಉಪಕರಣವಾಗಿ ನೂರಿಪ್ಪತ್ತೈದು ವರ್ಷಗಳಿಗೂ ಮೀರಿದೆ. ಅಮೆರಿಕ ದೇಶದ ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಸ್ಟೂವರ್ಟ್ ಎಂಬವರು ತಿರುಗುವ ಪಂಜರಗಳಲ್ಲಿ ಪ್ರಾಣಿಗಳನ್ನಿಟ್ಟು, ಮದ್ಯಸಾರ, ಆಹಾರ, ವಾಯುಭಾರ ಇವುಗಳ ಬದಲಾವಣೆಯಿಂದ ಅವುಗಳ ದಿನದ ಚಟುವಟಿಕೆ ಹೇಗೆ ಬದಲಾಗುವುದೆಂಬುದನ್ನು ೧೮೯೮ರಲ್ಲಿ ಪ್ರಕಟಿಸಿದರು. ಸ್ಲೋನೇಕರ್ ಎಂಬವರು ಬಿಳಿಯ ಇಲಿಗಳನ್ನು ಹುಟ್ಟಿನಿಂದ ಸಹಜವಾದ ಸಾವಿನವರೆಗೆ ಗಾಲಿಯ ಪಂಜರದಲ್ಲಿರಿಸಿ, ಒಂದು ಇಡೀ ಆಯುಷ್ಯದ ಓಟವನ್ನು ಲೆಕ್ಕವಿಟ್ಟು ೧೯೧೨ರಲ್ಲಿ ಬೆಳಕಿಗೆ ತಂದರು. ಬಳಿಕ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಕರ್ಟ್ ರಿಕ್ಟರ್‌ರವರು ೧೯೨೨ರಿಂದ ಮೊದಲುಗೊಂಡು ದೀರ್ಘಕಾಲ ಇದೇ ಮಾರ್ಗದಲ್ಲಿ ಶೋಧನೆ ನಡೆಸಿದರು. ಅಲ್ಲಿಯೇ ಕೆಲಸಮಾಡಿದ ವಾಂಗ್ ಎಂಬ ಚೀನಾ ದೇಶದ ವಿದ್ವಾಂಸರು ೧೯೨೩ರಲ್ಲಿ ಕಂಡ ವಿಷಯವು ಕುತೂಹಲಕರವಾಗಿದೆ. ಹೆಣ್ಣಿಲಿಯ ಓಟವು ದಿನದಿನವೂ ಒಂದೇ ಸಮನಾಗಿರದೆ, ಸುಮಾರು ನಾಲ್ಕು ದಿನಗಳಿಗೊಮ್ಮೆ ಉಬ್ಬರದಂತೆ ಏರಿ ಇಳಿಯುತ್ತಿತ್ತು. ಆ ಏರಿಕೆಯು ಅದು ಬೆದೆಗೆ ಬರುವ ಕಾಲಕ್ಕೆ ಸರಿಹೊಂದುತ್ತಿತ್ತು. ಶರೀರದ ಒಳಗೆ ಕಣ್ಣಿಗೆ ಕಾಣದಂತೆ ನಡೆಯುವ ವ್ಯಾಪಾರವನ್ನು ಹೊರಗಿನ ಒಂದು ಗಾಲಿಯು ಹೇಳಿತಷ್ಟೆ!

ಗಾಲಿಯಿಂದ ದೊರೆತ ಅತ್ಯಂತ ದೊಡ್ಡ ಲಾಭವು ಕಾಲಜ್ಞಾನದ ವಿಷಯದಲ್ಲಿ ಎಂದು ಹೇಳಬಹುದು. ಹಿಂದೆ ಗಣಕಯಂತ್ರವಿಲ್ಲದ ಕಾಲದಲ್ಲಿ, ನಿಧಾನವಾಗಿ ಸರಿಯುವ ಕಾಗದದ ಸುರುಳಿಯ ಮೇಲೆ ಲೇಖನಿಯೊಂದು ಪ್ರತಿ ಸುತ್ತಿಗೂ ಒಂದು ಗೀಟನ್ನು ಎಳೆಯುತ್ತಿತ್ತು. ಒಂದೊಂದು ದಿನದ ಕಾಗದವನ್ನು ಕತ್ತರಿಸಿ, ಒಂದರ ಕೆಳಗೊಂದರಂತೆ ಅಂಟಿಸಿದರೆ, ಪ್ರಾಣಿಯು ಯಾವ ಹೊತ್ತಿಗೆ ಎದ್ದಿತು, ಯಾವ ಹೊತ್ತಿಗೆ ಮಲಗಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಇಲಿಯು ನಿಶಾಚರಿಯಾದುದರಿಂದ ಕತ್ತಲಾದೊಡನೆ ಗೀಟುಗಳು ಮೊದಲಾಗುತ್ತವೆ. ಹಗಲು ರಾತ್ರಿಗಳ ಭೇದವೇ ತಿಳಿಯದಂತೆ ಸದಾ ಕತ್ತಲಲ್ಲಿಟ್ಟರೂ ಅದು ಕ್ರಮ ತಪ್ಪುವುದಿಲ್ಲ. ಸುಮಾರು ೨೪ ಗಂಟೆಗಳಿಗೊಮ್ಮೆ, ಕೆಲವೇ ನಿಮಿಷಗಳ ವ್ಯತ್ಯಾಸದಿಂದ, ತನ್ನ ಓಟವನ್ನು ಆರಂಭಿಸುವುದು. ಇದರಿಂದ ಶರೀರದ ಒಳಗೇ ಒಂದು ಗಡಿಯಾರವಿರಬೇಕೆಂದು ಸಿದ್ಧವಾಯಿತು. ಆ ಗಡಿಯಾರದ ಸ್ಥಾನವು ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಕೂಡುವ ಸ್ಥಳದ ಮೇಲಿರುವ ಅತಿಚಿಕ್ಕ ಭಾಗವೆಂಬುದು ೧೯೭೨ರಲ್ಲಿ ತಿಳಿದುಬಂದಿತು. ಆ ಭಾಗವನ್ನು ಕೆಡಿಸಿದ ಇಲಿಗಳು ಓಡುವುದನ್ನು ಬಿಡಲಿಲ್ಲ. ಓಡುವ ಹೊತ್ತಿನ ಕ್ರಮವನ್ನು ಮಾತ್ರ ಮರೆತವು.

೧೯೮೮ರಲ್ಲಿ ರಾಲ್ಫ್ ಮತ್ತು ಮೆನೇಕರ್ ಎಂಬ ಶೋಧಕರು, ಇಲಿಯ ಬಳಗಕ್ಕೆ ಸೇರಿದ ಹ್ಯಾಮ್‌ಸ್ಟರ್ ಎಂಬ ಪ್ರಾಣಿಗಳಲ್ಲಿ ವಂಶದಿಂದ ಬಂದ ಒಂದು ವಿಕಾರವನ್ನು ವರದಿಮಾಡಿದರು. ತಾಯಿ ತಂದೆಗಳಿಬ್ಬರಿಂದಲೂ ಆ ವಿಕಾರವನ್ನು ಪಡೆದ ಪ್ರಾಣಿಗೆ ದಿನವೆಂದರೆ ಸುಮಾರು ೨೦ ಗಂಟೆ ಮಾತ್ರ! ಎರಡು ವರ್ಷಗಳ ತರುವಾಯ, ೧೯೯೦ರಲ್ಲಿ, ಮೇಲೆ ಹೇಳಿದ ಮಿದುಳಿನ ಭಾಗವನ್ನು ಒಂದು ಹ್ಯಾಮ್‌ಸ್ಟರಿನಿಂದ ಮತ್ತೊಂದಕ್ಕೆ ನಾಟಿಮಾಡಿ ನೋಡಲು, ಪಡೆದ ಪ್ರಾಣಿಯು ಕೊಟ್ಟ ಪ್ರಾಣಿಯ ಕಾಲಮಾನವನ್ನು ಅನುಸರಿಸಿ ಗಾಲಿಯಲ್ಲಿ ಓಡತೊಡಗಿತು. ೧೯೯೪ರಲ್ಲಿ ತಕಾಹಾಶಿಯವರೂ ಅವರ ಸಂಗಡಿಗರೂ ೩೦೦ಕ್ಕೂ ಹೆಚ್ಚು ಚಿಟ್ಟಿಲಿಗಳ ಓಟವನ್ನು ಪರೀಕ್ಷಿಸಿ, ಕಾಲಕ್ರಮ ತಪ್ಪಿದ ಒಂದೇ ಒಂದನ್ನು ಆರಿಸಿ ತೆಗೆದು, ಅದರ ಸಂತತಿಯಿಂದ ಈ ಗಡಿಯಾರದ ಒಂದು ವಂಶವಾಹಿಯನ್ನು ಗುರುತಿಸಿದರು. ನಮ್ಮ ದೇಶವೂ ಈ ಶಾಸ್ತ್ರದಲ್ಲಿ ಹಿಂದೆ ಬಿದ್ದಿಲ್ಲ. ಮಧುರೆಯ ಕಾಮರಾಜ ವಿಶ್ವವಿದ್ಯಾನಿಲಯದಲ್ಲಿ ಎಂ. ಕೆ. ಚಂದ್ರಶೇಖರನ್‌ರವರೂ ಅವರ ಶಿಷ್ಯರಾದ ವಿಜಯಕುಮಾರ ಶರ್ಮರೂ ನಮ್ಮ ಹೊಲಗಳ ಚಿಟ್ಟಿಲಿಯನ್ನೇ ಗಾಲಿಯಲ್ಲಿ ಓಡಿಸಿ ಅದರ ಒಳಗಡಿಯಾರವನ್ನು ಅಭ್ಯಾಸಮಾಡಿದರು. ಮುಂದೆ ಇವರಿಬ್ಬರೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕಾಲಜೀವಶಾಸ್ತ್ರದ ಕೆಲಸವನ್ನು ಮುಂದುವರಿಸಿದರು.

ಇಷ್ಟರವರೆಗೆ ಹೇಳಿದ ಪ್ರಯೋಗಗಳಲ್ಲಿ ಗಾಲಿಯು ಗಡಿಯಾರದ ಮುಳ್ಳಿನಂತೆ ಕೆಲಸಮಾಡಿತು. 'ಯಾವಾಗ ಓಡಿತು' ಎಂಬುದೇ ಅಲ್ಲಿ ಬೇಕಾಗಿದ್ದುದು. ಅದನ್ನು ಗಾಲಿಯು ತಪ್ಪಿಲ್ಲದೆ ಹೇಳಬಲ್ಲದು. 'ಎಷ್ಟು ಶ್ರಮಪಟ್ಟಿತು, ಆ ಶ್ರಮದಿಂದ ಏನಾಯಿತು' ಎಂದು ಕೇಳಿದಾಗ ವಿಷಯವು ತೊಡಕಾಗುವುದು.

ಮೊದಲನೆಯದಾಗಿ, ಗಾಲಿಯು ಎಣಿಸುವುದು ತನ್ನ ಸುತ್ತನ್ನೇ ಹೊರತು ಪ್ರಾಣಿಯ ಹೆಜ್ಜೆಯನ್ನಲ್ಲ. ವೇಗವಾಗಿ ತಿರುಗುವ ಗಾಲಿಯು ಪ್ರಾಣಿಯು ನಿಂತ ಮೇಲೂ ಒಂದೆರಡು ಸುತ್ತು ತಾನಾಗಿಯೇ ಉರುಳುವುದುಂಟು. ಅಯಸ್ಕಾಂತವು ಸರಿಯಾಗಿ ಕೀಲಿಯ ಎದುರಿಗೆ ನಿಂತಾಗ ಪ್ರಾಣಿಯು ತೊಟ್ಟಿಲಿನಂತೆ ಹಿಂದುಮುಂದಕ್ಕೆ ತೂಗಿದರೂ ಎಣಿಕೆ ಬೀಳಬಹುದು. ಅಚ್ಚು ಬಿಗಿಯಾದ ಗಾಲಿಯನ್ನು ತಿರುಗಿಸುವ ಶ್ರಮ ಬೇರೆ, ಸಡಿಲವಾದುದನ್ನು ತಿರುಗಿಸುವ ಶ್ರಮ ಬೇರೆ. ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ. ಚಿಕ್ಕ ಗಾಲಿಯಲ್ಲಿ ದೊಡ್ಡ ಇಲಿಯು ಬೆನ್ನು ಬಾಗಿಸಿಕೊಂಡು ಓಡಬೇಕಾಗುವುದು. ಗಾಲಿಯ ಹೊರಗೆ ಅದು ಹತ್ತಿ ಇಳಿದು, ಗೂಡು ಕಟ್ಟಿ, ಕೆರೆದು ಮಾಡಿದ ಕೆಲಸವೊಂದೂ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಪಂಜರದಲ್ಲಿ ಎರಡು ಪ್ರಾಣಿಗಳಿದ್ದರೆ ಯಾವುದು ಎಷ್ಟು ಓಡಿತೆಂದು ಸಾಮಾನ್ಯ ಗಾಲಿಯು ಹೇಳಲಾರದು. ಆದಕಾರಣ ಒಂದೊಂದನ್ನೇ ಬೇರೆಬೇರೆಯಾಗಿ ಇಡುವ ಪದ್ಧತಿ ಬೆಳೆಯಿತು. ಕೂಡಿ ಬಾಳುವ ಪ್ರಾಣಿಗೆ ಒಂಟಿತನವೇ ಒಂದು ಕಷ್ಟ. ಅದೂ ಫಲಿತಾಂಶದೊಳಗೆ ಸದ್ದಿಲ್ಲದೆ ಬೆರೆತುಹೋಗುವುದು. ಚರ್ಮದ ಅಡಿಯಲ್ಲಿ ಗುರುತಿನ ಚಿಕ್ಕ ಉಪಕರಣವನ್ನಿಟ್ಟು ಪ್ರತಿಯೊಂದನ್ನೂ ಗುರುತಿಸುವ ಏರ್ಪಾಡು ಬಂದ ಮೇಲೆ ಈ ತೊಂದರೆಯು ಕೆಲವೆಡೆ ಕಡಿಮೆಯಾಗಿದೆ.

ಹೊಸ ಗಾಲಿಗೆ ಒಗ್ಗಿಕೊಳ್ಳುವುದಕ್ಕೂ ಪ್ರಾಣಿಗೆ ಕೆಲವು ದಿನಗಳು ಬೇಕು. ಇದನ್ನು ಬಲ್ಲ ಗಾರ್ಲೆಂಡ್ ಎಂಬ ವಿದ್ವಾಂಸರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ೧೯೯೩ರಲ್ಲಿ ಒಂದು ದೀರ್ಘ ಪ್ರಯೋಗವನ್ನು ಆರಂಭಿಸಿದಾಗ, ಪ್ರತಿ ಚಿಟ್ಟಿಲಿಯನ್ನೂ ಆರು ದಿನ ಗಾಲಿಯ ಸಂಗಡ ಇರಿಸಿ, ಐದನೆಯ ಮತ್ತು ಆರನೆಯ ದಿನಗಳ ಲೆಕ್ಕವನ್ನು ಮಾತ್ರ ಹಿಡಿದರು. ಹೆಚ್ಚು ಓಡಿದವುಗಳಿಂದಲೇ ಮುಂದಿನ ಪೀಳಿಗೆಯನ್ನು ಪಡೆಯುತ್ತ ನಾಲ್ಕು ವಂಶಗಳನ್ನು ಬೆಳೆಸಿದರು. ಆಯ್ಕೆಯಿಲ್ಲದೆ ಬೆಳೆದ ನಾಲ್ಕು ವಂಶಗಳನ್ನು ಹೋಲಿಕೆಗಾಗಿ ಇಟ್ಟುಕೊಂಡರು. ಕಾಲಕ್ರಮದಲ್ಲಿ ಆಯ್ದ ವಂಶಗಳು ಉಳಿದವುಗಳಿಗಿಂತ ಎರಡೂವರೆಯಿಂದ ಮೂರುಪಟ್ಟು ಓಡತೊಡಗಿದವು. ಓಡುವ ಆಸೆಯೂ ತಕ್ಕಮಟ್ಟಿಗೆ ಪಿತ್ರಾರ್ಜಿತವೇ ಎಂಬುದು ಇದರಿಂದ ತಿಳಿಯಬರುವುದು.

ಹಾಗಾದರೆ ಈ ಪ್ರಾಣಿಗಳು ಏಕೆ ಓಡುತ್ತವೆ? ಸೆರೆಯಲ್ಲಿರುವ ಜೀವಿಯ ತಳಮಳವೇ ಇದಾಗಿರಬಾರದೇಕೆಂಬ ಸಂಶಯವು ಸಹಜ. ಈ ಸಂಶಯವನ್ನು ಪರೀಕ್ಷಿಸಲು ಹಾಲೆಂಡ್ ದೇಶದ ಲೈಡೆನ್ ನಗರದ ಮೈಯರ್ ಮತ್ತು ರಾಬರ್ಸ್ ಎಂಬುವರು ಗಾಲಿಯನ್ನು ಪಂಜರದ ಪ್ರಾಣಿಗೆ ಕೊಡದೆ, ಬಯಲಿನಲ್ಲಿ ಸ್ವತಂತ್ರವಾಗಿರುವ ಪ್ರಾಣಿಗಳಿಗೆ ಎಟಕುವಂತೆ ಇಟ್ಟರು. ಒಂದು ಗಾಲಿಯು ಊರಿನ ಹಸುರುದಾಣದಲ್ಲಿ, ಮತ್ತೊಂದು ಜನರ ಓಡಾಟವಿಲ್ಲದ ಕಡಲತೀರದ ಮರಳುದಿಬ್ಬಗಳಲ್ಲಿ ಇದ್ದಿತು. ಬಂದವರ ಚಿತ್ರವನ್ನು ಯಂತ್ರವು ತಾನಾಗಿಯೇ ತೆಗೆದುಕೊಳ್ಳುತ್ತಿತ್ತು. ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆದ ಈ ಪರೀಕ್ಷೆಯ ವಿವರಗಳು ೨೦೧೪ರಲ್ಲಿ ಪ್ರಕಟವಾದವು. ಯಾರ ಬಲಾತ್ಕಾರವೂ ಇಲ್ಲದೆ ಕಾಡುಚಿಟ್ಟಿಲಿಗಳು ಗಾಲಿಯನ್ನು ಹತ್ತಿ ಓಡಿ, ಇಳಿದು ತಮ್ಮ ದಾರಿ ಹಿಡಿದು ಹೋದವು. ಒಂದು ಓಟವಂತೂ ೧೮ ನಿಮಿಷಗಳವರೆಗೆ ನಡೆಯಿತು. ಕಪ್ಪೆಗಳೂ ಬಂದು ತಿರುಗಿಸಿದವು. ಬಸವನಹುಳು ಸಹ ಗಾಲಿಯನ್ನು ಅಷ್ಟಿಷ್ಟು ಅಲುಗಾಡಿಸಿತು, ಆದರೆ ಅದಕ್ಕೆ ದಿಕ್ಕುದೆಸೆಯಿರಲಿಲ್ಲ! ಅಲ್ಲಿಟ್ಟಿದ್ದ ಆಹಾರವನ್ನು ತೆಗೆದ ಮೇಲೂ ಓಟವು ನಿಲ್ಲಲಿಲ್ಲ. ಆದುದರಿಂದ ಗಾಲಿಯ ಓಟವೆಲ್ಲವೂ ಸೆರೆಯ ಹುಚ್ಚೆಂದು ಹೇಳುವುದು ಸಾಧ್ಯವಿಲ್ಲ.

ಆದರೆ ಈ ಸಂತೋಷವು ಪ್ರಾಣಿಯ ಸ್ವಂತ ಇಚ್ಛೆಗೆ ಕಟ್ಟುಬಿದ್ದುದು. ಕ್ಯಾಲಿಫೋರ್ನಿಯದಲ್ಲಿ ಕವಾನೌ ಎಂಬವರು ೧೯೬೭ರಲ್ಲಿ ವರ್ಣಿಸಿದ ಪ್ರಯೋಗಗಳಲ್ಲಿ, ಕಾಡಿನ ಚಿಟ್ಟಿಲಿಗಳಿಗೆ ಯಂತ್ರದಿಂದ ತಿರುಗುವ ಗಾಲಿಯನ್ನು ತಾವೇ ಚಾಲೂಮಾಡುವ ಮತ್ತು ನಿಲ್ಲಿಸುವ ಸನ್ನೆಗಳನ್ನು ಕೊಟ್ಟಿದ್ದರು. ತಾನಾಗಿ ಚಾಲೂಮಾಡಿದ ಗಾಲಿಯಲ್ಲಿ ಪ್ರಾಣಿಯು ಓಡುತ್ತಿತ್ತು. ಅದೇ ಗಾಲಿಯನ್ನು ಮನುಷ್ಯನು ಚಾಲೂಮಾಡಿದರೆ ಒಡನೆಯೇ ನಿಲ್ಲಿಸಿಬಿಡುತ್ತಿತ್ತು. ಗೂಡಿನಿಂದ ಹೊರಗೆ ಬಂದುದನ್ನು ಕೈಯಿಂದ ಎತ್ತಿ ಗೂಡಿಗೆ ಬಿಟ್ಟರೆ, ಎಷ್ಟು ಸಲ ಬಿಟ್ಟರೂ ಅಷ್ಟು ಸಲ ಹೊರಗೆ ಬರುತ್ತಿತ್ತು. ನುಣುಪಾದ ದುಂಡುಗಾಲಿಗಿಂತ ಚೌಕಾಕಾರದ ಗಾಲಿಯನ್ನೂ, ಜಿಗಿಯಲು ಅಡ್ಡತಡೆಗಳಿರುವ ಗಾಲಿಯನ್ನೂ ಅವು ಹೆಚ್ಚಾಗಿ ಮೆಚ್ಚಿದವು.

ಗಾಣದ ಎತ್ತೂ ಸುತ್ತುತ್ತದೆ, ಇಲಿಯೂ ಸುತ್ತುತ್ತದೆ. ಎತ್ತಿನ ಹಿಂದೆ ಬಾರುಕೋಲು ಹಿಡಿದ ಗಾಣಿಗನಿದ್ದಾನೆ. ಇಲಿಯ ಹಿಂದೆ ಯಾರೂ ಇಲ್ಲ. ಪ್ರಯೋಗಶಾಲೆಗಳಲ್ಲಿ ಗಾಣದ ಎತ್ತಿನ ಪದ್ಧತಿಯೂ ಉಂಟು. ಯಂತ್ರದಿಂದ ಸರಿಯುವ ಪಟ್ಟಿಯ ಮೇಲೆ ಇಲಿಯನ್ನು ಬಿಟ್ಟು, ಹಿಂದೆ ಬಿದ್ದರೆ ಅಲ್ಪ ವಿದ್ಯುತ್ತಿನ ಚುರುಕು ತಗಲುವಂತೆ ಮಾಡಿ ಓಡಿಸುತ್ತಾರೆ. ಎಷ್ಟು ವೇಗ, ಎಷ್ಟು ಹೊತ್ತು ಎಂಬುದನ್ನು ಶೋಧಕನೇ ಗೊತ್ತುಮಾಡಬಹುದಾದುದು ಇದರ ಗುಣ. ಓಟದ ಲಾಭದೊಡನೆ ಹೆದರಿಕೆಯ ಫಲಗಳೂ ಶರೀರದಲ್ಲಿ ಕಾಣಿಸಿಕೊಳ್ಳಬಹುದಾದುದು ಇದರ ದೋಷ. ಎರಡಕ್ಕೂ ಪತ್ರಿಕೆಯ ವಾರ್ತೆಯಲ್ಲಿ 'ವ್ಯಾಯಾಮ' ಎಂಬ ಒಂದೇ ಹೆಸರು.

ಇಚ್ಛೆಯಿಂದ ಮಾಡಿದುದೆಲ್ಲವೂ ಹಿತವೆಂದೂ ತಿಳಿಯಕೂಡದು. ೧೯೬೭ರಲ್ಲಿ ರೌಟೆನ್‌ಬರ್ಗ್ ಮತ್ತು ಅವರ ಸಹಕಾರಿಯು ಇಲಿಗಳಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಆಹಾರವನ್ನಿಟ್ಟು, ಉಳಿದ ಹೊತ್ತೆಲ್ಲ ಗಾಲಿಯನ್ನು ತೆರೆದಿಟ್ಟರು. ಗಾಲಿಯಿಲ್ಲದ ಇಲಿಗಳು ಆ ಒಂದು ಗಂಟೆಯ ಊಟಕ್ಕೆ ಹೊಂದಿಕೊಂಡು ಬದುಕಿದವು. ಗಾಲಿಯಿದ್ದ ಇಲಿಗಳಾದರೋ ದಿನದಿಂದ ದಿನಕ್ಕೆ ಹೆಚ್ಚು ಓಡಿ, ಕಡಿಮೆ ತಿಂದು, ಸೊರಗಿ ಸಾಯುವ ಸ್ಥಿತಿಗೆ ಬಂದವು. ತೆಳ್ಳಗಾಗಬೇಕೆಂದು ಊಟವನ್ನು ಕಡಿದು, ಅದೇ ಕಾಲಕ್ಕೆ ಓಟವನ್ನು ಹೆಚ್ಚಿಸುವ ಮಕ್ಕಳಿರುವ ಮನೆಯವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಉಚಿತ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ೧೯೯೯ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ವಿದ್ವಾಂಸರು, ಗಾಲಿಯಲ್ಲಿ ಓಡಿದ ಚಿಟ್ಟಿಲಿಗಳ ಮಿದುಳಿನಲ್ಲಿ, ನೆನಪಿಗೆ ಸಂಬಂಧಪಟ್ಟ ಭಾಗವೊಂದರಲ್ಲಿ, ಹೊಸ ಜೀವಕೋಶಗಳು ಹೆಚ್ಚಾಗಿ ಹುಟ್ಟಿ ಉಳಿದುದನ್ನು ತೋರಿಸಿದರು. ಹೆಚ್ಚಾಗಿ ಎಂದರೆ ಯಾವುದಕ್ಕಿಂತ? ಗಾಲಿಯಿಲ್ಲದ ಸಾಮಾನ್ಯ ಪಂಜರದ ಚಿಟ್ಟಿಲಿಗಳಿಗಿಂತ. ಪ್ರಯೋಗದಲ್ಲಿ ದೋಷವೇನೂ ಇಲ್ಲ. ಆದರೆ ಆ 'ಸಾಮಾನ್ಯ' ಚಿಟ್ಟಿಲಿಯ ಬಾಳನ್ನು ಸ್ವಲ್ಪ ನೋಡೋಣ. ಅಂಗೈಯಗಲದ ಕೆಲವು ಹೆಜ್ಜೆಗಳಲ್ಲಿ ಮುಗಿಯುವ ಪಂಜರ. ಹಗಲಿರುಳೂ ಬಾಯ ಮುಂದೆ ಆಹಾರ. ಹುಡುಕುವ, ಅಗೆಯುವ, ಓಡುವ ಕೆಲಸವಿಲ್ಲ. ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಶೋಧನಾ ಸಂಸ್ಥೆಯ ಮಾರ್ಟಿನ್, ಮ್ಯಾಟ್ಸನ್ ಮೊದಲಾದವರು ೨೦೧೦ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಪ್ರಯೋಗಶಾಲೆಗಳಲ್ಲಿ ಹೋಲಿಕೆಗೆಂದು ಇಟ್ಟುಕೊಳ್ಳುವ ಈ ಪ್ರಾಣಿಗಳು ಆರೋಗ್ಯದ ಮಾದರಿಗಳಲ್ಲ. ಅವು ಹೆಚ್ಚು ತಿಂದು, ಕಡಿಮೆ ಚಲಿಸಿ, ಕೊಬ್ಬು ಬೆಳೆಸಿಕೊಂಡು, ರಕ್ತದ ಸಕ್ಕರೆಯ ಹತೋಟಿಯನ್ನು ಕಳೆದುಕೊಂಡು, ಅಕಾಲದಲ್ಲಿ ಸಾಯುವ ದಾರಿಯಲ್ಲಿರುವ ಜೀವಿಗಳು ಎಂದು ಅವರು ಹೇಳಿದರು.

ಹಾಗಾದರೆ ಗಾಲಿಯು ಪ್ರಾಣಿಗೆ ಹೊಸದೊಂದು ಲಾಭವನ್ನು ಕೊಟ್ಟಿತೇ, ಇಲ್ಲವೇ ಪಂಜರವು ಕಸಿದುಕೊಂಡಿದ್ದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಕೊಟ್ಟಿತೇ? ಈ ಎರಡು ಮಾತುಗಳಿಗೆ ಬಹಳ ಅಂತರವಿದೆ. ಮೊದಲನೆಯದು ನಿಜವಾದರೆ ವ್ಯಾಯಾಮವು ಒಂದು ಔಷಧ; ಎರಡನೆಯದು ನಿಜವಾದರೆ ಅದು ಅನ್ನದಂತೆ, ಇಲ್ಲದಿದ್ದರೆ ಬಾಳೇ ಇಲ್ಲ. ಹೊಸ ಮದ್ದೊಂದನ್ನು ಇಂತಹ ಸ್ಥೂಲಕಾಯದ ಪ್ರಾಣಿಗಳಲ್ಲಿ ಪರೀಕ್ಷಿಸಿದರೆ, ಅದರ ಗುಣವು ಕೂತು ತಿನ್ನುವವರಿಗೆ ಮಾತ್ರವೋ ದುಡಿದು ತಿನ್ನುವವರಿಗೂ ಉಂಟೋ ಎಂಬುದು ತಿಳಿಯುವುದಿಲ್ಲ. ಆದಕಾರಣ ಇದು ಕೇವಲ ವಿದ್ವಾಂಸರ ಜಗಳವಲ್ಲ. ನಮ್ಮ ಮನೆಯ ಔಷಧದ ಪೆಟ್ಟಿಗೆಯವರೆಗೂ ಬರುವ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬಹುದು. ದಿನವೆಲ್ಲ ಕುರ್ಚಿಯಲ್ಲಿ ಕುಳಿತು, ಸಾಯಂಕಾಲ ಅರ್ಧ ಗಂಟೆ ನಡೆದವರು ಏನೋ ಅಧಿಕವಾದುದನ್ನು ಸಾಧಿಸಿದೆವೆಂದು ತಿಳಿಯುತ್ತಾರೆ. ಕುಳಿತಿರುವುದನ್ನೇ ಸಹಜಸ್ಥಿತಿಯೆಂದು ಒಪ್ಪಿಕೊಂಡುದರಿಂದ ಈ ಎಣಿಕೆ ಹುಟ್ಟಿತು. ಈಗ ಅನೇಕರ ಮಣಿಕಟ್ಟಿನಲ್ಲಿ ಹೆಜ್ಜೆಯನ್ನು ಎಣಿಸುವ ಗಡಿಯಾರವಿದೆ. ಅದೂ ಗಾಲಿಯ ಬಂಧುವೇ. ಅದು ಕೈಯ ಅಲುಗಾಟದಿಂದ ಹೆಜ್ಜೆಯನ್ನು ಊಹಿಸುವುದು. ಕೊಡವನ್ನು ಸೊಂಟದ ಮೇಲಿಟ್ಟು ಆ ಕೈಯಿಂದಲೇ ಬಿಗಿಯಾಗಿ ಹಿಡಿದು ನಡೆದವಳ ಹೆಜ್ಜೆಗಳಲ್ಲಿ ಕೆಲವು ಅದರ ಕಣ್ಣಿಗೆ ಬೀಳದೆ ಹೋಗಬಹುದು. ರುಬ್ಬುವ ಕಲ್ಲಿನ ಮುಂದೆ ಕುಳಿತು ಬೆವರಿಳಿಸಿದವಳ ಶ್ರಮವು ಹೆಜ್ಜೆಯಾಗಿ ಕಾಣುವ ಬಗೆಯೇ ಇಲ್ಲ. ಎಣಿಕೆಗೆ ಬಾರದುದು ಕೆಲಸವೇ ಅಲ್ಲವೆಂದು ಗೃಹಸ್ಥರು ತೀರ್ಮಾನಿಸಿದರೆ ಅದು ಅನ್ಯಾಯವಾಗುವುದು.

ಹೀಗೆಂದು ಗಾಲಿಯ ಪ್ರಯೋಗಗಳನ್ನು ಹಗುರವಾಗಿ ಕಾಣಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅವುಗಳಿಂದ ದೊರೆತ ಜ್ಞಾನವು ದೊಡ್ಡದೆಂಬುದನ್ನು ಮೇಲೆಯೇ ತೋರಿಸಿದ್ದೇವೆ. ಮುಂದೆ ಇಲಿಯ ಓಟದ ವಾರ್ತೆಯೊಂದು ಕಣ್ಣಿಗೆ ಬಿದ್ದಾಗ ವಾಚಕರು ಮೂರು ಮಾತುಗಳನ್ನು ಕೇಳಿಕೊಳ್ಳಲಿ. ಪ್ರಾಣಿಯು ತಾನಾಗಿ ಓಡಿತೋ, ಓಡಿಸಲ್ಪಟ್ಟಿತೋ? ಎಣಿಸಿದುದು ಏನು, ಎಷ್ಟು ದಿನಗಳ ಅಭ್ಯಾಸದ ಮೇಲೆ ಎಣಿಸಿದರು? ಓಡಿದ ಪ್ರಾಣಿಯನ್ನು ಎಂತಹ ಪ್ರಾಣಿಯೊಡನೆ ಹೋಲಿಸಿದರು? ಈ ಮೂರಕ್ಕೂ ಉತ್ತರವಿರುವ ವಾರ್ತೆಯನ್ನು ನಂಬಿ ನಡೆಯಬಹುದು. ಉತ್ತರವಿಲ್ಲದುದನ್ನು ಓದಿ, ಪತ್ರಿಕೆಯನ್ನು ಮಡಿಸಿಟ್ಟು, ಎಂದಿನಂತೆ ಎದ್ದು ಮನೆಯ ಕೆಲಸದಲ್ಲಿ ಕೈಯಿಕ್ಕಿದರೆ ನಷ್ಟವೇನೂ ಇಲ್ಲ.